ಆಜಿಯ ಗಿರಮಿಟ್

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಅಬುಧಾಬಿಯ ಟೈಪಿಂಗ್ ಸೆಂಟರಿನ ಅನುಭವ ಬರೆದುಕೊಡಿ, ಈಗ ಆ ಕೆಲಸಕ್ಕೆ ಹೋಗುವ ಹುಡುಗರಿಗೆ ಉಪಯೋಗವಾದೀತು ಎಂದು ಪರಿಚಯದವರೊಬ್ಬರು ಕೇಳಿ ಬಹಳ ಕಾಲವಾಯಿತು. ಟೈಪ್‌ರೈಟರಿನ ಬಗ್ಗೆ, ಅರಬ್ಬಿ ಅಕ್ಷರಗಳ ಬಗ್ಗೆ ಬರೆಯುವುದು ನನಗೆ ಕಷ್ಟವಲ್ಲ. ಆದರೆ ಬರೆಯುತ್ತ ಹೋದರೆ ಒಬ್ಬ ಹಿರಿಯರ ವಿಷಯ ಬಂದೇ ಬರುತ್ತದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಹಾಗಾಗಿ ಮುಂದೂಡುತ್ತ ಬಂದೆ. ಈಗ ಕಣ್ಣಿಗೆ ಪೊರೆ ಬಂದಿದೆ. ಇನ್ನೂ ತಡ ಮಾಡಿದರೆ ಬೇರೆಯವರ ಕೈಯಲ್ಲಿ ಬರೆಸಬೇಕಾಗುತ್ತದೆ, ಇದು ಬರೆಸುವ ವಿಷಯವಲ್ಲ.

ನಾನು ಹುಬ್ಬಳ್ಳಿಯವನು. ಎಸ್ಸೆಸ್ಸೆಲ್ಸಿ ಆದ ಮೇಲೆ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೆ, ಅಷ್ಟೇ ವಿದ್ಯೆ. ಅಬುಧಾಬಿಯಲ್ಲಿ ಇಮಿಗ್ರೇಶನ್ ಕಚೇರಿಯ ಹತ್ತಿರದ ಬೀದಿಯೊಂದರಲ್ಲಿ ಸಾಲಾಗಿ ಟೈಪಿಂಗ್ ಸೆಂಟರುಗಳಿದ್ದವು. ವೀಸಾ, ಲೇಬರ್ ಕಾರ್ಡ್, ಹೆಂಡತಿ ಮಕ್ಕಳನ್ನು ಕರೆಸುವುದು, ಎಲ್ಲದಕ್ಕೂ ಅರ್ಜಿ ಅರಬ್ಬಿಯಲ್ಲೇ ಆಗಬೇಕು. ಜನಕ್ಕೆ ಅರಬ್ಬಿ ಬಾರದು. ನಮ್ಮ ಹೊಟ್ಟೆಪಾಡು ಅದರಲ್ಲಿತ್ತು.

ನಮ್ಮ ಸೆಂಟರಿನ ಮ್ಯಾನೇಜರು ಹಮೀದ್ ಸಾಹೇಬರು, ಪುತ್ತೂರಿನ ಕಡೆಯವರು. ನನಗೆ ಅರಬ್ಬಿ ಅಕ್ಷರ ಕಲಿಸಿದವರು ಅವರೇ. ಅರಬ್ಬಿ ಟೈಪ್‌ರೈಟರಿನಲ್ಲಿ ಕಾಗದ ಹಿಡಿದ ಗಾಡಿ ನಮ್ಮದಕ್ಕೆ ಉಲ್ಟಾ ಓಡುತ್ತದೆ. ಮೊದಲ ತಿಂಗಳು ನನ್ನ ಎಡಗೈ ಸುಮ್ಮಸುಮ್ಮನೆ ಗಾಳಿಯಲ್ಲಿ ಸಾಲು ತಿರುಗಿಸುವ ಲಿವರ್ ಹುಡುಕುತ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟ ಹೆಸರುಗಳದ್ದು. ಅರಬ್ಬಿಯಲ್ಲಿ ಪ ಇಲ್ಲ, ಚ ಇಲ್ಲ, ನಮ್ಮ ಗ ಕೂಡ ಇಲ್ಲ.

"ಪಾಟೀಲ ಇಲ್ಲಿ ಬಾಟೀಲ ಆಗ್ತಾನೆ ಮಾರಾಯ, ಪರಮೇಶಿ ಬರಮೇಶಿ ಆಗ್ತಾನೆ. ಅವರು ಬೇಜಾರು ಮಾಡಿದ್ರೆ ನೀನು ಬೇಜಾರು ಮಾಡ್ಲಿಕ್ಕಿಲ್ಲ," ಎನ್ನುತ್ತಿದ್ದರು ಸಾಹೇಬರು.

ಗ ಅಕ್ಷರ ನನ್ನನ್ನು ಒಮ್ಮೆ ಚೆನ್ನಾಗಿಯೇ ಸಿಕ್ಕಿಸಿ ಹಾಕಿತು. ಗೋಪಾಲ ಎಂಬ ಮೇಸ್ತ್ರಿಯ ಹೆಸರನ್ನು ಅವನ ವೀಸಾ ಅರ್ಜಿಯಲ್ಲಿ ಗೈನ್ ಎಂಬ ಅರಬ್ಬಿ ಅಕ್ಷರ ಹಾಕಿ ಹೊಡೆದಿದ್ದೆ. ಮುಂದಿನ ವರ್ಷ ಅವನ ಮಗನ ಅರ್ಜಿ ಬಂದಾಗ ಅಪ್ಪನ ಹೆಸರಿಗೆ ಜೀಮ್ ಎಂಬ ಬೇರೆ ಅಕ್ಷರ ಹಾಕಿಬಿಟ್ಟೆ. ಕಚೇರಿಯ ಲೆಕ್ಕದಲ್ಲಿ ಮಗನಿಗೆ ಬೇರೆ ಅಪ್ಪ ಹುಟ್ಟಿಕೊಂಡ. ಗೋಪಾಲ ಬಂದು ನನ್ನ ಮೇಜಿನ ಮುಂದೆ ನಿಂತು, "ಅಣ್ಣಾ, ನನ್ನ ಹೆಂಡತಿಗೆ ನೀನು ಏನಂತ ಹೇಳ್ತೀಯೋ ಹೇಳು," ಎಂದ. ಇಡೀ ಸೆಂಟರು ನಕ್ಕಿತು. ಅವನು ನಗಲಿಲ್ಲ. ಮಗನ ವೀಸಾ ಸರಿಹೋಗಲು ಒಂದು ಬೇಸಿಗೆಯೇ ಹಿಡಿಯಿತು.

ಅಂದಿನಿಂದ ಸಾಹೇಬರು ಒಂದು ಪದ್ಧತಿ ಮಾಡಿದರು. ಪಾಸ್‌ಪೋರ್ಟ್ ನೋಡಿ ಹೊಡೆಯಬಾರದು, ಎದುರಿನವರ ಬಾಯಿಂದ ಹೆಸರನ್ನು ಎರಡು ಸಲ ಹೇಳಿಸಿ ಕೇಳಿಯೇ ಹೊಡೆಯಬೇಕು. ಹೀಗೆ ದಿನವಿಡೀ ಹೆಸರು ಕೇಳಿ ಕೇಳಿ ನನಗೊಂದು ಚಟ ಹತ್ತಿತು. ಹೆಸರು ಕೇಳಿ ಊರು ಹೇಳುವುದು. ಗೀತಾ ಎಂಬ ಹೆಸರಿನ ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಎಚ್ ಅಕ್ಷರವಿದ್ದರೆ ದಕ್ಷಿಣದವಳು, ಇಲ್ಲದಿದ್ದರೆ ಉತ್ತರದವಳು ಎಂಬುದು ಎಲ್ಲರಿಗೂ ಗೊತ್ತು. ನಾನು ಅದಕ್ಕೂ ಮುಂದೆ ಹೋಗಿದ್ದೆ. "ನೀವು ಕುಂದಾಪುರ ದಾಟಿ ಬೈಂದೂರಿನ ಕಡೆಯವರಲ್ಲವೇ?" ಎಂದರೆ ಗಿರಾಕಿ ಬೆಚ್ಚಿ ನೋಡುತ್ತಿದ್ದ. ಸಾಹೇಬರು ಚಹಾ ಪಂದ್ಯ ಕಟ್ಟಿ ಸೋಲುತ್ತಿದ್ದರು. ಸೋತವರು ಚಹಾದ ಜೊತೆ, "ನಿನ್ನದು ಕಿವಿಯಾ, ರೇಡಿಯೋವಾ?" ಎಂದು ಕೇಳುವರು. ಆ ಮಾತು ನನ್ನ ತಲೆಗೆ ಏರಿತ್ತು.

ಎರಡು ಸಾವಿರದ ಇಸವಿ ಆದ ಮೇಲಿನ ಮಾತು. ಒಬ್ಬರು ಮೇಡಂ ಬಂದರು. ನೋಡಿದರೆ ನಮ್ಮ ಕಡೆಯ ಹೆಣ್ಣುಮಗಳೇ, ಅದೇ ಬಣ್ಣ, ಅದೇ ಉದ್ದ ಜಡೆ. ನಾನು ಹಿಂದಿಯಲ್ಲಿ ಮಾತಾಡಿದೆ, ಅವರು ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಆ ಇಂಗ್ಲಿಷ್ ಹಾಡಿನ ಹಾಗೆ ಏರಿ ಇಳಿಯುತ್ತಿತ್ತು. ಪಾಸ್‌ಪೋರ್ಟ್ ಟ್ರಿನಿಡಾಡಿನದು. ಆ ಹೆಸರು ನಾನು ಕೇಳಿದ್ದು ಕ್ರಿಕೆಟ್ ಕಾಮೆಂಟರಿಯಲ್ಲಿ ಮಾತ್ರ. ಅವರ ಮನೆತನದ ಹೆಸರು ಜಗರ್ನಾಥ್, ನಮ್ಮ ಜಗನ್ನಾಥನೇ ಸವೆದು ಹಾಗಾಗಿದ್ದ. ಗಂಡ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಮೇಡಂ ಶಾಲೆಯ ಟೀಚರು, ಒಬ್ಬಳು ಮಗಳು. ತಮ್ಮ ತಂದೆಯನ್ನು ವಿಸಿಟ್ ವೀಸಾದಲ್ಲಿ ಕರೆಸಲು ಬಂದಿದ್ದರು.

"ನೀವು ಮೂಲದಲ್ಲಿ ಯಾವ ಊರಿನವರು?" ಎಂದೆ, ಚಟ ಬಿಡದೆ.

"ಅದು ಗೊತ್ತಿದ್ದರೆ ಅಪ್ಪ ಇಲ್ಲಿಗೆ ಬರುತ್ತಲೇ ಇರಲಿಲ್ಲ," ಎಂದರು ಅವರು.

ವಿಷಯ ಹೀಗಿತ್ತು. ತಂದೆಯ ಆಜಿ, ಎಂದರೆ ಅಜ್ಜಿ, ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿ ಟ್ರಿನಿಡಾಡಿಗೆ ಹೋದವಳು. ಎಲ್ಲಿಂದ ಹತ್ತಿದಳು, ಯಾವ ಹಳ್ಳಿ, ಯಾರಿಗೂ ತಿಳಿಯದು. ಈ ಹಿರಿಯರನ್ನು ಬೆಳೆಸಿದ್ದು ಆಕೆಯೇ. ಅವರಿಗೆ ಹೃದಯದ ತೊಂದರೆ ಇತ್ತು. ಡಾಕ್ಟರು ಒಂದು ದೂರದ ಪ್ರಯಾಣಕ್ಕೆ ಒಪ್ಪಿದ್ದರು, ಎರಡನೆಯದಕ್ಕಿಲ್ಲ. ಮಗಳ ಮನೆಗೆ ಬಂದು, ಅಲ್ಲಿಂದ ಒಂದೇ ಒಂದು ಸಲ ಇಂಡಿಯಾಕ್ಕೆ ಹೋಗಿ ಆಜಿಯ ಊರಿನ ಕಡೆ ನಿಂತು ಬರಬೇಕು ಎಂಬುದು ಅವರ ಆಸೆ. ಯಾವ ಕಡೆ ಎಂಬುದೇ ಪ್ರಶ್ನೆ.

ಹಿರಿಯರು ಬಂದರು. ವೀಸಾ ಮುಂದುವರಿಸಲು ಮಗಳು, ಮೊಮ್ಮಗಳ ಜೊತೆ ನಮ್ಮಲ್ಲಿಗೆ ಬಂದಾಗ ಪದ್ಧತಿಯಂತೆ ಅವರ ಬಾಯಿಂದ ಹೆಸರು ಹೇಳಿಸಿದೆ. ಉದ್ದನೆಯ ಮನುಷ್ಯ, ಬಿಳಿ ಅಂಗಿ, ತಲೆ ತುಂಬ ಬಿಳಿ ಕೂದಲು. ನನಗೆ ಮಾತಿಗೆ ಎಳೆಯುವ ಕುತೂಹಲ.

"ಆಜಿ ಅಂತೀರಿ. ಅಜ್ಜನಿಗೆ ಏನಂತೀರಿ?"

"ಆಜಾ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಅಪ್ಪನ ತಮ್ಮನಿಗೆ?"

"ಕಾಕಾ. ಅವನ ಹೆಂಡತಿ ಕಾಕಿ."

ಅಜ್ಜ, ಅಜ್ಜಿ, ಕಾಕಾ. ನಮ್ಮ ಮನೆಯಲ್ಲಿ ಕರೆದ ಹಾಗೇ ಇತ್ತು. ಹಿಂದಿಯವರು ದಾದಾ ದಾದಿ ಎನ್ನುತ್ತಾರೆ, ಅಷ್ಟು ನನಗೆ ಗೊತ್ತಿತ್ತು. ಹಿಂದಿಯ ಕಡೆ ಹತ್ತಾರು ಬಗೆ ಮಾತುಗಳಿವೆ ಎಂಬುದು ಗೊತ್ತಿರಲಿಲ್ಲ.

"ಆಜಿ ಆಡಿದ ಮಾತು ಏನಾದರೂ ನೆನಪಿದೆಯೇ?" ಎಂದೆ.

ಹಿರಿಯರು ದನಿ ಬದಲಿಸಿ, ಯಾರೋ ಹೆಂಗಸು ಹೇಳಿದ ಹಾಗೆ ಹೇಳಿದರು. "ಗಿರ್ಮಿಟ್ ಹಮ್‌ಕೆ ಖಾ ಗಇಲ್." ನಂತರ ತಮ್ಮ ದನಿಯಲ್ಲಿ, "ಸಂಜೆ ಮೆಟ್ಟಿಲ ಮೇಲೆ ಕೂತು ಇದನ್ನೇ ಹೇಳುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಅರ್ಥ ಯಾರೂ ಹೇಳಲಿಲ್ಲ. ನಾನು ಕೇಳುವ ವಯಸ್ಸಿಗೆ ಬರುವುದರೊಳಗೆ ಅವಳು ಹೋದಳು," ಎಂದರು.

ಹುಬ್ಬಳ್ಳಿಯವನ ಕಿವಿಗೆ ಗಿರಮಿಟ್ ಎಂಬ ಮಾತು ಬಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಚುರುಮುರಿಗೆ ಹುಣಸೆ, ಬೆಲ್ಲ, ಉಳ್ಳಾಗಡ್ಡಿ ಒಗ್ಗರಣೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೊಂದು ಮಿರ್ಚಿ ಇಟ್ಟು ಕೊಡುವ ಗಿರಮಿಟ್ ನಮ್ಮ ಕಡೆ ಬಿಟ್ಟು ಬೇರೆಲ್ಲೂ ಇಲ್ಲ. ಗಿರ್ಮಿಟ್, ಹಮ್, ಖಾ. ನನಗಿದ್ದ ಅರೆಬರೆ ಹಿಂದಿಯಲ್ಲಿ ಅರ್ಥ ತಾನಾಗಿ ಜೋಡಿಸಿಕೊಂಡಿತು. "ನಾವು ಗಿರಮಿಟ್ ತಿನ್ನುತ್ತಿದ್ದೆವು ಎಂದು ನೆನೆದು ಅತ್ತಿದ್ದಾರೆ," ಎಂದೆ. "ಅದು ನನ್ನ ಊರಿನ ತಿಂಡಿ. ನೀವು ನಮ್ಮವರು."

ನೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಗಿರಮಿಟ್ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಕೂಡ ನನಗೆ ಹೊಳೆಯಲಿಲ್ಲ.

ಹಿರಿಯರು ಮೇಜಿನ ಮೇಲಿಂದ ಕೈ ಚಾಚಿ ನನ್ನ ಎರಡೂ ಕೈ ಹಿಡಿದುಕೊಂಡರು. ಮೇಡಂ ಮಾತ್ರ ಕೇಳಿದರು, "ಖಂಡಿತವೇ? ಇದು ನಮಗೆ ಆಟದ ವಿಷಯವಲ್ಲ."

"ಖಂಡಿತ ಮೇಡಂ."

ಅವರು ಹೋದ ಮೇಲೆ ಹಮೀದ್ ಸಾಹೇಬರು ಕನ್ನಡಕ ಮೇಲೆ ಸರಿಸಿದರು. "ಅದು ಹಿಂದಿಯ ಹಾಗೆ ಕೇಳ್ತದಲ್ಲ ಮಾರಾಯ. ನಿನ್ನ ಅಜ್ಜಿ ಖಾ ಗಇಲ್ ಅಂತೆಲ್ಲ ಹೇಳ್ತಿದ್ರಾ?"

"ಹಡಗಿನ್ಯಾಗ ತಿಂಗಳಾನ್‌ಗಟ್ಲೆ ಕುಂತಿರ್ತಾರ್ರೀ ಸಾಹೇಬ್ರ, ಹಿಂದಿ ಕಲ್ತಿರ್ತಾರ. ಆದ್ರ ಗಿರಮಿಟ್ ಎಲ್ಲಿಂದ ಕಲೀತಾರ?"

"ನನಗೆ ಗೊತ್ತಿಲ್ಲ. ನಿನಗೆ ಗೊತ್ತುಂಟಾ?" ಎಂದು ಅವರು ಕೆಲಸಕ್ಕೆ ತಿರುಗಿದರು.

ಸುದ್ದಿ ಹರಡಿತು. ಹರಡಿದ್ದು ನಾನೇ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಉಡುಪಿಯ ಶೆಟ್ಟರು ಫೋನ್ ಮಾಡಿ, "ರಾಜ್ಯೋತ್ಸವಕ್ಕೆ ಅವರನ್ನು ಕರೆದುಕೊಂಡು ಬನ್ನಿ ಮಾರಾಯ್ರೆ, ಮಂತ್ರಿ ಬರುವುದಕ್ಕಿಂತ ಇದು ಒಳ್ಳೆಯದು," ಎಂದರು. ವೇದಿಕೆಯಲ್ಲಿ ಹಿರಿಯರಿಗೆ ಮೈಸೂರು ಪೇಟ ತೊಡಿಸಿದರು. ನಾನು ಹೇಳಿಕೊಟ್ಟಿದ್ದ ಒಂದೇ ಸಾಲನ್ನು ಅವರು ಮೈಕಿನಲ್ಲಿ ಹೇಳಿದರು. "ನಮಸ್ಕಾರ, ನಾನು ನಿಮ್ಮವನು." ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಕಡಲಾಚೆ ಕಳೆದುಹೋದ ಕನ್ನಡಿಗರನ್ನು ಕಿವಿಯಿಂದಲೇ ಪತ್ತೆ ಮಾಡಿದವರು ಎಂದು ಶೆಟ್ಟರು ನನ್ನನ್ನೂ ಕರೆದು ಶಾಲು ಹೊದಿಸಿದರು. ನನ್ನ ಇಡೀ ಕೆಲಸದ ಕಾಲದಲ್ಲಿ ನನಗೆ ಸಿಕ್ಕ ಸನ್ಮಾನ ಅದೊಂದೇ. ಶಾಲೆಯ ಚಳಿಗಾಲದ ರಜೆಗೆ ಮೇಡಂ ಮೂವರಿಗೂ ಟಿಕೆಟ್ ತೆಗೆದರು. ಹುಬ್ಬಳ್ಳಿಯಲ್ಲಿ ನನ್ನ ಹೆಂಡತಿಯ ಅಣ್ಣ ಅವರನ್ನು ಸುತ್ತಾಡಿಸುವುದೆಂದಾಯಿತು.

ಅವರು ಹೊರಡುವುದಕ್ಕೆ ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಒಬ್ಬ ಡಾಕ್ಟರು ತಮ್ಮ ತಾಯಿ ಮತ್ತು ಪುಟ್ಟ ಮಗನೊಂದಿಗೆ ನಮ್ಮಲ್ಲಿಗೆ ಬಂದರು. ಉತ್ತರ ಪ್ರದೇಶದ ಬಲಿಯಾ ಕಡೆಯವರು. ತಾಯಿಯ ವೀಸಾದ ಕೆಲಸ. ನಾನು ಅರ್ಜಿ ಹೊಡೆಯುತ್ತಿದ್ದಾಗ ಮಗು ಬಾಗಿಲಿನಿಂದ ಕೂಗಿತು.

"ಆಜೀ, ಪಾನೀ."

ನನ್ನ ಬೆರಳು ನಿಂತಿತು. ಅವರನ್ನು ಏನೆಂದು ಕರೆಯುತ್ತಾನೆ ಎಂದು ಹಿಂದಿಯಲ್ಲಿ ಕೇಳಿದೆ. ಡಾಕ್ಟರು, "ಆಜಿ. ನಮ್ಮ ಭೋಜ್‌ಪುರಿಯಲ್ಲಿ ಅಪ್ಪನ ತಾಯಿಗೆ ಹಾಗೇ ಅನ್ನುವುದು," ಎಂದರು. ನಾನು ಅಲ್ಲಿಗೇ ಸುಮ್ಮನಿರಬಹುದಿತ್ತು. ತಡೆಯಲಾಗಲಿಲ್ಲ. ಆ ತಾಯಿಯ ಕಡೆ ತಿರುಗಿ ಹಿರಿಯರು ಹೇಳಿದ ಸಾಲನ್ನು ಹಾಗೇ ಹೇಳಿದೆ. ಆಕೆಯ ಮುಖದಲ್ಲಿದ್ದ ನಗು ಹೋಯಿತು.

"ಯಾರು ಹೇಳಿದರು ಇದನ್ನು ನಿನಗೆ?"

"ಯಾರೋ ಗಿರಾಕಿ. ಅರ್ಥವೇನಮ್ಮ?"

"ಗಿರ್ಮಿಟ್ ನನ್ನನ್ನು ತಿಂದುಬಿಟ್ಟಿತು ಅಂತ. ನನ್ನ ತವರಿನಲ್ಲೂ ಒಬ್ಬರು ಗಿರ್ಮಿಟ್‌ನಲ್ಲಿ ಹೋದರು, ಬರಲಿಲ್ಲ."

ಡಾಕ್ಟರು ಬಿಡಿಸಿ ಹೇಳಿದರು. ಆ ಕಾಲದಲ್ಲಿ ಹೊರದೇಶದ ತೋಟಗಳಿಗೆ ಆಳು ಒಯ್ಯುವಾಗ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕರಾರಿಗೆ ಇಂಗ್ಲಿಷಿನಲ್ಲಿ ಅಗ್ರಿಮೆಂಟ್. ಅಕ್ಷರ ಬಾರದವರ ಬಾಯಲ್ಲಿ ಅದು ಗಿರ್ಮಿಟ್ ಆಯಿತು.

ಹಿರಿಯರ ಆಜಿ ಏನನ್ನೋ ತಿಂದದ್ದನ್ನು ನೆನೆದಿರಲಿಲ್ಲ. ಅವಳನ್ನೇ ತಿಂದದ್ದರ ಬಗ್ಗೆ ಹೇಳುತ್ತಿದ್ದಳು. ನಾನು ಅವಳ ಕೈಗೆ ಚುರುಮುರಿ ಕೊಟ್ಟಿದ್ದೆ.

ಅವರು ಹೋದ ಮೇಲೆ ಸಾಹೇಬರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಫೋನನ್ನು ನನ್ನ ಕಡೆ ಸರಿಸಿದರು.

"ಮಾಡು. ಟಿಕೆಟ್ ಬದಲು ಮಾಡ್ಲಿಕ್ಕೆ ಆಗ್ತದೆ. ಹುಬ್ಬಳ್ಳಿ ಬಿಟ್ಟು ಬಲಿಯಾಕ್ಕೆ ಹೋಗ್ತಾರೆ. ಅದರಲ್ಲಿ ಎಂತದ್ದು ಉಂಟು?"

"ಸಂಘದವ್ರು ಏನಂತಾರ್ರೀ? ಶೆಟ್ರು ಸ್ಮರಣ ಸಂಚಿಕೆಯೊಳಗ ಫೋಟೋ ಹಾಕ್ಯಾರ."

"ನಾಲ್ಕು ದಿವಸ ನಗ್ತಾರೆ ಮಾರಾಯ. ಗೋಪಾಲನ ಕೇಸಿನಲ್ಲಿ ನಕ್ಕದ್ದಕ್ಕೆ ಸತ್ತಿದ್ದೀಯಾ ನೀನು?"

ಸಂಜೆ ಮನೆಯಿಂದ ಮಾಡುತ್ತೇನೆ ಎಂದೆ. ಮಾಡಿದೆ ಕೂಡ. ಫೋನ್ ಎತ್ತಿದ್ದು ಮೊಮ್ಮಗಳು. "ಅಂಕಲ್, ಗ್ರಾಂಪಾ ಕನ್ನಡ ಕಲೀತಿದಾರೆ, ಕೇಳಿ," ಎಂದು ಅವರ ಬಾಯಿಗೆ ಹಿಡಿದಳು. ಹಿರಿಯರು ನಿಧಾನವಾಗಿ, "ಒಂದು, ಎರಡು, ಮೂರು," ಎಂದರು. "ನಾಲ್ಕು ಕಷ್ಟ," ಎಂದು ಇಂಗ್ಲಿಷಿನಲ್ಲಿ ಸೇರಿಸಿದರು. ನಾನು, "ಹುಬ್ಬಳ್ಳಿಯಲ್ಲಿ ಬೆಳಗಿನ ಹೊತ್ತು ಚಳಿ ಇರುತ್ತದೆ, ಸ್ವೆಟರ್ ತೆಗೆದುಕೊಂಡು ಹೋಗಿ," ಎಂದು ಹೇಳಿ ಇಟ್ಟೆ.

ಮರುದಿನ ಸಾಹೇಬರು, "ಹೇಳಿದ್ಯಾ?" ಎಂದರು.

"ಹೇಳ್ದೆ."

"ಎಂತ ಹೇಳಿದ್ರು?"

"ಪರವಾಗಿಲ್ಲ, ಆದ್ರೂ ನಿಮ್ಮೂರು ನೋಡ್ಕೊಂಡು ಬರ್ತೀವಿ ಅಂದ್ರು."

"ನೋಡು, ಒಳ್ಳೆಯ ಜನ," ಎಂದರು ಸಾಹೇಬರು. ಆ ದಿನ ಚಹಾ ಅವರೇ ತರಿಸಿದರು.

ರಜೆ ಮುಗಿಸಿ ಬಂದ ಹಿರಿಯರು ಒಂದು ದಿನ ಒಬ್ಬರೇ ಟ್ಯಾಕ್ಸಿ ಹಿಡಿದು ನಮ್ಮ ಸೆಂಟರಿಗೆ ಬಂದರು. ಸಾಹೇಬರು ಕಚೇರಿಗೆ ಅರ್ಜಿ ಒಯ್ದಿದ್ದರು, ಅದು ನನ್ನ ಪುಣ್ಯವೆಂದುಕೊಂಡೆ. ನನ್ನ ಭಾವನನ್ನು ಹೊಗಳಿದರು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ಗಿರಮಿಟ್ ತಿಂದದ್ದನ್ನು, ಖಾರಕ್ಕೆ ಮೊಮ್ಮಗಳು ಕುಣಿದದ್ದನ್ನು ಹೇಳಿ ನಕ್ಕರು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ಒಂದು ಕೇಳಬೇಕು ನಿಮ್ಮನ್ನು. ನಿಮ್ಮ ಕಿವಿ ಚೆನ್ನಾಗಿದೆ ಅಂತ ಕೇಳುತ್ತಿದ್ದೇನೆ. ದಿನವೂ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೂತು ಮುದುಕಿಯರ ಮಾತು ಕೇಳಿದೆ. ಆಜಿಯ ಮಾತಿನ ಗತ್ತು ಎಲ್ಲೂ ಸಿಗಲಿಲ್ಲ. ಇನ್ನೊಂದು, ಅಲ್ಲಿ ಎಲ್ಲರೂ ಗಿರಮಿಟ್ ಎಂದರೆ ನಗುತ್ತಾರೆ. ಆಜಿ ಆ ಮಾತು ಹೇಳುವಾಗ ಅಂಗೈಯಿಂದ ನೆಲಕ್ಕೆ ಹೊಡೆಯುತ್ತಿದ್ದಳು. ಹೀಗೆ." ಅವರು ನನ್ನ ಮೇಜಿಗೆ ಮೆಲ್ಲಗೆ ಹೊಡೆದು ತೋರಿಸಿದರು. "ತಿಂಡಿಯ ನೆನಪಿಗೆ ಯಾರಾದರೂ ಹಾಗೆ ಹೊಡೆಯುತ್ತಾರೆಯೇ?"

ಅವರು ಕೇಳಲು ಬಂದಿದ್ದರು, ನನಗೆ ಉತ್ತರ ಗೊತ್ತಿತ್ತು, ನಡುವೆ ಒಂದು ಮೇಜು ಬಿಟ್ಟರೆ ಏನೂ ಇರಲಿಲ್ಲ. ನಾನು ಹೇಳಿದ್ದು ಇದು. "ಅದು ಹಳೆಯ ಕಾಲದ ಮಾತು, ಈಗ ಯಾರೂ ಹಾಗೆ ಆಡುವುದಿಲ್ಲ. ಊರು ಬಿಟ್ಟವರಿಗೆ ತಿಂಡಿ ನೆನಪಾದರೂ ಸಂಕಟವಾಗುತ್ತದೆ."

ಅವರು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

"ಹಾಗಾದರೆ ನಾನೇ ತಪ್ಪು ನೆನಪಿಟ್ಟುಕೊಂಡಿದ್ದೇನೆ. ಸಣ್ಣವನಿದ್ದೆನಲ್ಲ. ಇಷ್ಟು ವರ್ಷ ಆಜಿಯ ದನಿ ಅಂತ ನಾನು ಕೇಳಿಕೊಂಡದ್ದು ಆಜಿಯದಲ್ಲವೇನೋ."

ಎದ್ದು ನನ್ನ ಹೆಗಲು ತಟ್ಟಿ ಹೋದರು. ಆ ಬೇಸಿಗೆಗೆ ಮುಂಚೆ ಟ್ರಿನಿಡಾಡಿಗೆ ಹಿಂತಿರುಗಿದರು.

ಕೆಲಸ ಬದಲಾಯಿತು. ಟೈಪ್‌ರೈಟರುಗಳನ್ನು ಹಳೆ ಸಾಮಾನಿನವನು ಒಯ್ದ, ಕಂಪ್ಯೂಟರು ಬಂತು. ಪಾಸ್‌ಪೋರ್ಟನ್ನು ಯಂತ್ರದ ಮೇಲಿಟ್ಟರೆ ಹೆಸರು ತಾನೇ ಅರಬ್ಬಿಯಲ್ಲಿ ಮೂಡತೊಡಗಿತು. ತಪ್ಪು ಮೂಡಿದರೂ ಎಲ್ಲರಿಗೂ ಒಂದೇ ತಪ್ಪು, ಗೋಪಾಲನಿಗೆ ಆದ ತೊಂದರೆ ಈಗ ಆಗುವುದಿಲ್ಲ. ಹೆಸರು ಹೇಳಿ ಎಂದು ಗಿರಾಕಿಯನ್ನು ಕೇಳುವವರಿಲ್ಲ. ನನ್ನ ಚಟ ಅದಕ್ಕೂ ಮುಂಚೆಯೇ ಬಿಟ್ಟಿತ್ತು. ಹಮೀದ್ ಸಾಹೇಬರು ಪಂದ್ಯಕ್ಕೆ ಕರೆದರೆ, "ಗೊತ್ತಾಗೂದಿಲ್ರೀ," ಎನ್ನುತ್ತಿದ್ದೆ. ವಯಸ್ಸಾಯಿತು ನಿನಗೆ ಎಂದು ಅವರು ನಗುತ್ತಿದ್ದರು. ಊರಿಗೆ ಹೋಗಿ ಅವರು ತೀರಿಕೊಳ್ಳುವವರೆಗೂ, ನಾನು ಆ ಫೋನಿನಲ್ಲಿ ನಿಜ ಹೇಳಿದೆನೆಂದೇ ತಿಳಿದಿದ್ದರು.

ಕೆಲವು ವರ್ಷಗಳ ನಂತರ ಮೇಡಂ ವೀಸಾ ಕ್ಯಾನ್ಸಲ್ ಮಾಡಿಸಲು ಬಂದರು. ಸಂಸಾರ ಊರಿಗೆ ಹಿಂತಿರುಗುತ್ತಿತ್ತು. ತಂದೆ ತೀರಿಕೊಂಡು ವರ್ಷದ ಮೇಲಾಯಿತು ಎಂದರು.

"ಕೊನೆಕೊನೆಗೆ ಆಜಿಯ ಆ ಸಾಲು ಹೇಳುವುದನ್ನೇ ಬಿಟ್ಟಿದ್ದರು. ಹೇಳಿ ಎಂದರೆ, ನನಗೆ ಸರಿಯಾಗಿ ನೆನಪಿಲ್ಲ, ತಪ್ಪು ಹೇಳಬಾರದು ಎನ್ನುತ್ತಿದ್ದರು. ಆದರೆ ಗಿರಮಿಟ್ ಕಥೆ ಮಾತ್ರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಚುರುಮುರಿಗಾಗಿ ಅತ್ತ ಮುದುಕಿ ಅಂತ. ನನ್ನ ಮಗಳು ಕಾಲೇಜಿನ ಗೆಳತಿಯರಿಗೆಲ್ಲ ಮಾಡಿಕೊಡುತ್ತಾಳೆ, ಆಜಿಯ ಗಿರಮಿಟ್ ಎಂದು ಹೆಸರಿಟ್ಟಿದ್ದಾಳೆ." ಅವರು ನನಗೆ ಕೃತಜ್ಞತೆ ಹೇಳಿದರು. ನಾನು ಅದನ್ನೂ ತೆಗೆದುಕೊಂಡೆ.

ಆ ಹಿರಿಯರಿಗೆ ಸಮಾಧಾನವಾಯಿತಲ್ಲ, ಬಿಡಿ ಎಂದು ಇದನ್ನು ಕೇಳಿದ ನನ್ನ ಹೆಂಡತಿ ಅನ್ನುತ್ತಾಳೆ. ಸಮಾಧಾನವಾಗಿರಲಿಲ್ಲ. ನನ್ನ ಮೇಜಿನ ಮುಂದೆ ಕೂತು ಅವರು ತಮ್ಮ ಅಂಗೈ ನೋಡಿಕೊಂಡದ್ದನ್ನು ಅವಳು ಕಂಡಿಲ್ಲ. ಒಬ್ಬ ಮನುಷ್ಯನ ಹತ್ತಿರ ತನ್ನನ್ನು ಸಾಕಿದವಳ ಒಂದೇ ಒಂದು ಸಾಲು ಉಳಿದಿತ್ತು. ಅದನ್ನು ಮುಪ್ಪಿನವರೆಗೂ ಒಂದು ಅಕ್ಷರ ತಪ್ಪದೆ ಕಾಪಾಡಿಕೊಂಡು ಬಂದಿದ್ದರು. ನಾನು ನನ್ನ ಶಾಲು ಉಳಿಸಿಕೊಳ್ಳಲು, ಆ ಸಾಲಿನ ಮೇಲೆ ಅವರಿಗೇ ನಂಬಿಕೆ ಇಲ್ಲದ ಹಾಗೆ ಮಾಡಿದೆ.

ಅವರ ನೆನಪು ಸರಿಯಾಗಿತ್ತು. ಗತ್ತು ಸರಿಯಾಗಿತ್ತು, ನೆಲಕ್ಕೆ ಹೊಡೆದದ್ದೂ ಸರಿ. ಆಜಿ ನಿಜವಾಗಿಯೂ ಅತ್ತಿದ್ದಳು, ಆ ಅಳುವಿಗೆ ಕಾರಣವಿತ್ತು. ಇಷ್ಟನ್ನು ಹೇಳಿ ಕ್ಷಮೆ ಕೇಳಬೇಕಾಗಿದ್ದದ್ದು, ಕೇಳದೆ ಉಳಿದದ್ದು, ಬಾಸ್‌ದೇವ್ ಜಗರ್ನಾಥ್ ಅವರಲ್ಲಿ.